ಕೊಡಗಿನ ರಸ್ತೆಗಳಲ್ಲಿ ಬಿಎಸ್-6 ಡೀಸೆಲ್ ವಾಹನ: ಡಿಪಿಎಫ್ ದೀಪ ಹೊತ್ತಿದರೆ ಏನು ಮಾಡಬೇಕು

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ವಾಹನಗಳೆಲ್ಲ ಹೊಗೆ ಮಾಲಿನ್ಯದ ಮಿತಿ ಹೇಳುವ ಬಿಎಸ್-6 (ಭಾರತ್ ಸ್ಟೇಜ್ 6) ಮಾನದಂಡಕ್ಕೆ ಒಳಪಟ್ಟಿವೆ. ಅದಕ್ಕೆ ಹಿಂದಿನ ಬಿಎಸ್-4ರಲ್ಲಿ ಡೀಸೆಲ್ ಕಾರೊಂದು ಕಿಲೋಮೀಟರಿಗೆ 25 ಮಿಲಿಗ್ರಾಂ ಹೊಗೆಯ ಕಣಗಳನ್ನು ಹೊರಬಿಡಬಹುದಾಗಿತ್ತು. ಈಗಿನ ಮಿತಿ 4.5 ಮಿಲಿಗ್ರಾಂ. ಈ ಮಿತಿಯೊಳಗೆ ಉಳಿಯಲು ನೆರವಾಗುವುದು ಮಸಿಯನ್ನು ಹಿಡಿದಿಟ್ಟುಕೊಂಡು ಆಗಾಗ ಸುಟ್ಟುಹಾಕುವ ಡಿಪಿಎಫ್ ಎಂಬ ಫಿಲ್ಟರ್. ಸುಡುವುದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮನೆಯಿಂದ ಕಾಫಿ ಕಣಕ್ಕೆ, ಕಣದಿಂದ ಪೇಟೆಗೆ, ಎರಡನೆಯ ಗೇರಿನಲ್ಲಿ ಮೂರು ನಾಲ್ಕು ಕಿಲೋಮೀಟರು ಹೋಗಿ ನಿಲ್ಲುವ ನಮ್ಮ ವಾಹನಗಳಲ್ಲಿ ಅಷ್ಟು ಶಾಖ ಹುಟ್ಟುವುದೇ ಅಪರೂಪ. ಹಾಗಾಗಿ ಮಸಿ ತುಂಬಿಕೊಂಡು ಡಿಪಿಎಫ್ ದೀಪ ಹೊತ್ತುತ್ತದೆ.

ಡಿಪಿಎಫ್ ದೀಪವೊಂದೇ ಹೊತ್ತಿದ್ದರೆ ಗಾಬರಿಯಾಗಬೇಕಿಲ್ಲ. ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇದೆಯೆಂದು ಖಚಿತಪಡಿಸಿಕೊಂಡು, ವಾಹನದ ಕೈಪಿಡಿಯಲ್ಲಿ ಹೇಳಿರುವ ವೇಗದಲ್ಲಿ, ಸಾಮಾನ್ಯವಾಗಿ ಗಂಟೆಗೆ 60 ಕಿಲೋಮೀಟರಿಗೆ ಕಡಿಮೆಯಾಗದಂತೆ, 15ರಿಂದ 20 ನಿಮಿಷ ನಿಲ್ಲಿಸದೆ ಓಡಿಸಿ. ಇದಕ್ಕೆ ಕುಶಾಲನಗರ ದಾಟಿದ ಮೇಲೆ ಪಿರಿಯಾಪಟ್ಟಣದ ಕಡೆಗೆ ಸಾಗುವ ಹೆದ್ದಾರಿ ಅನುಕೂಲ. ಮಡಿಕೇರಿಯಿಂದ ಸಂಪಾಜೆಗೆ ಘಟ್ಟ ಇಳಿದರೆ ಪ್ರಯೋಜನವಾಗದು, ಏಕೆಂದರೆ ಗೇರಿನಲ್ಲಿಯೇ ಇಳಿಯುವಾಗ ಇಂಜಿನ್ನಿಗೆ ಡೀಸೆಲ್ ಹರಿಯುವುದು ನಿಂತು ಹೊಗೆ ಕೊಳವೆ ತಣ್ಣಗಾಗುತ್ತದೆ. ಮಸಿ ಸುಡುತ್ತಿರುವಾಗ, ಅಥವಾ ಆಗಷ್ಟೇ ಸುಟ್ಟು ಮುಗಿದಾಗ, ವಾಹನವನ್ನು ಒಣ ಹುಲ್ಲಿನ ಮೇಲಾಗಲಿ ತರಗೆಲೆಯ ಮೇಲಾಗಲಿ ನಿಲ್ಲಿಸಬೇಡಿ. ಬೇಸಿಗೆಯಲ್ಲಿ ತೋಟಕ್ಕೆ ಬೆಂಕಿ ತಗಲುವ ಅಪಾಯ ನಿಜವಾದದ್ದು.

ಇಂಜಿನ್ ಚೆಕ್ ದೀಪವೂ ಹೊತ್ತಿದ್ದರೆ ಮೊದಲು ದೋಷ ಯಾವುದೆಂದು ಹೇಳುವ ಕೋಡ್ ಓದಿಸಬೇಕು, ಏಕೆಂದರೆ ಬೇರೆ ದೋಷವಿದ್ದಾಗ ಎಷ್ಟೋ ವಾಹನಗಳು ಮಸಿ ಸುಡುವ ಕೆಲಸವನ್ನೇ ತಡೆಹಿಡಿಯುತ್ತವೆ. ಸ್ಟೀರಿಂಗ್ ಕೆಳಗಿರುವ 16 ಪಿನ್ನುಗಳ ಒಬಿಡಿ (ದೋಷ ಪತ್ತೆಯ) ಸಾಕೆಟ್ಟಿಗೆ ರೀಡರ್ ಜೋಡಿಸಿದರೆ ಕೋಡ್ ಸಿಗುತ್ತದೆ. ಪಿ2463 ಎಂದರೆ ಫಿಲ್ಟರಿನಲ್ಲಿ ಮಸಿ ತುಂಬಿದೆ ಎಂದು. ಪಿ2002 ಎಂದರೆ ಫಿಲ್ಟರ್ ಮಸಿಯನ್ನು ಸರಿಯಾಗಿ ಹಿಡಿಯುತ್ತಿಲ್ಲ ಎಂದು. ಪಿ0401 ಬಂದರೆ, ಹೊಗೆಯ ಸ್ವಲ್ಪ ಭಾಗವನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿನ ದಾರಿ ಕಟ್ಟಿಕೊಂಡಿರಬಹುದು. ಕೋಡನ್ನು ಬರೆದಿಟ್ಟುಕೊಳ್ಳದೆ ಅಳಿಸಲು ಬಿಡಬೇಡಿ. ಮಳೆಗಾಲದಲ್ಲಿ ಸೆನ್ಸರಿನ ಕನೆಕ್ಟರಿಗೆ ನೀರು ಹೊಕ್ಕಿದ್ದರೂ, ಇಲಿ ವೈರ್ ಕಡಿದಿದ್ದರೂ ಇಂಥ ದೀಪ ಹೊತ್ತಬಹುದು. ಆದ್ದರಿಂದ ದುಬಾರಿ ಬಿಡಿಭಾಗ ಬದಲಿಸಲು ಒಪ್ಪುವ ಮುನ್ನ ಕನೆಕ್ಟರನ್ನು ಬಿಚ್ಚಿ, ವೈರುಗಳನ್ನು ನೋಡುವಂತೆ ಮೆಕ್ಯಾನಿಕ್‌ಗೆ ಹೇಳಿ.

ಫಿಲ್ಟರನ್ನೇ ಕತ್ತರಿಸಿ ತೆಗೆದುಬಿಡೋಣ ಎಂಬ ಸಲಹೆ ಬಂದರೆ ದಯವಿಟ್ಟು ಒಪ್ಪಬೇಡಿ. ಆ ಮಸಿ ಹೋಗುವುದು ತೋಟದ ಕಾರ್ಮಿಕರ ಲೈನ್‌ಮನೆಗಳ ಅಂಗಳದಲ್ಲಿ ಆಡುವ ಮಕ್ಕಳ ಉಸಿರಿಗೆ. ಹೊಗೆಯ ಮಾನದಂಡ ಮೀರಿದ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ 10,000 ರೂಪಾಯಿಯವರೆಗೆ ದಂಡವೂ ಇದೆ.

ಇನ್ನೊಂದನ್ನು ಹಲವರು ಗಮನಿಸುವುದಿಲ್ಲ. ಮಸಿ ಸುಡುವುದು ಅರ್ಧಕ್ಕೇ ಪದೇ ಪದೇ ನಿಂತರೆ, ಅದಕ್ಕೆಂದು ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಇಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಎರಡು ವಾರಕ್ಕೊಮ್ಮೆ, ಸಮತಟ್ಟಾದ ಜಾಗದಲ್ಲಿ ಇಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ತೆಗೆದು ನೋಡಿ; ಆಯಿಲ್ ಮೇಲಿನ ಗೆರೆಯನ್ನು ದಾಟಿದ್ದರೆ ಸರ್ವೀಸಿನ ದಿನಕ್ಕೆ ಕಾಯದೆ ಬದಲಿಸಿ.