ಕುಂತಿಬೆಟ್ಟಕ್ಕೆ ಗದ್ದೆಯೇ ಕನ್ನಡಿ

ಮೈಸೂರಿನಿಂದ ಪಾಂಡವಪುರದ ಕುಂತಿಬೆಟ್ಟಕ್ಕೆ ಬೈಕಿನಲ್ಲಿ ಹೆಚ್ಚೆಂದರೆ ಒಂದು ಗಂಟೆ. ಫೋಟೋ ತೆಗೆಯಲೆಂದು ಮೂರು ವರ್ಷ ಎಡತಾಕಿದೆ. ಕ್ಯಾಮೆರಾ ಕಾರ್ಡಿನ ತುಂಬ ಬಂಡೆಗಳು, ಗೋಡೆಗೆ ಹಾಕುವಂಥದ್ದು ಒಂದೂ ಇಲ್ಲ. ಲೆನ್ಸ್ ಬದಲಾಯಿಸಬೇಕೇನೋ ಅಂದುಕೊಂಡು ದುಡ್ಡು ಕೂಡಿಡಲು ಶುರುಮಾಡಿದ್ದೆ.

ಒಂದು ಮಾರ್ಚಿಯಲ್ಲಿ ಬದುವಿನ ಮೇಲೆ ಕೂತಿದ್ದ ಯಜಮಾನರು ಕೇಳಿದರು: "ಒಣಗದ್ದೇಲಿ ಏನ್ ಇಡೀತಿದ್ದೀರಾ ಸಾ? ನಾಟಿ ಟೈಮ್ಗೆ ಬನ್ನಿ, ಬೆಟ್ಟ ನೀರೊಳ್ಗೂ ಕಾಣ್ತದೆ."

ಹೋದೆ. ನಾಲೆಗೆ ನೀರು ಬಿಟ್ಟು ನಾಟಿ ಮುಗಿದ ಮೇಲೆ ಪೈರು ದಟ್ಟವಾಗುವವರೆಗೆ ಸಿಗುವುದು ಎರಡು ಮೂರು ವಾರ ಅಷ್ಟೆ. ಹಾಗಾಗಿ ಈಗ ಸೂರ್ಯೋದಯದ ಆ್ಯಪ್‌ಗಿಂತ ಮೊದಲು ಪೇಪರಿನಲ್ಲಿ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ನೋಡುತ್ತೇನೆ. ಕಟ್ಟೆ ತುಂಬುವ 124.80 ಅಡಿಯ ಹತ್ತಿರ ಬರುತ್ತಿದ್ದರೆ ಬ್ಯಾಟರಿ ಚಾರ್ಜಿಗೆ ಹಾಕುವ ಹೊತ್ತು ಬಂತು ಅಂತ.

ಮೊದಲ ಬೆಳಿಗ್ಗೆಯೇ ಪೆದ್ದುತನ ಮಾಡಿದೆ. ಆಕಾಶ ಕಡುನೀಲಿ ಬರಲೆಂದು ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿಕೊಂಡು ಹೋಗಿದ್ದೆ. ಅದನ್ನು ತಿರುಗಿಸಿದಂತೆ ನೀರಿನೊಳಗಿದ್ದ ಬೆಟ್ಟ ಮಸುಕಾಯಿತು, ತಳದ ಕೆಸರು ಕಂಡಿತು. ನೀರಿನ ಹೊಳಪನ್ನು ತೆಗೆಯುವುದೇ ಅದರ ಕೆಲಸ, ನಾನು ಹೋಗಿದ್ದೋ ಆ ಹೊಳಪಿಗೇ. ಬಿಚ್ಚಿ ಜೇಬಿಗೆ ಹಾಕಿದೆ.

ಎರಡನೆಯ ತಪ್ಪು ಅಗಲದ ಮೋಹ. ಲೆನ್ಸನ್ನು ಅಗಲ ನೋಟದ 18 ಎಂಎಂಗೆ ಇಟ್ಟಾಗ ಗದ್ದೆ ಮೈದಾನವಾಗಿ, ಬೆಟ್ಟ ಹುತ್ತದಷ್ಟಾಗಿತ್ತು. ಹಿಂದಕ್ಕೆ ನಾಲ್ಕು ಬದು ದಾಟಿ 35 ಎಂಎಂಗೆ ತಂದ ಮೇಲೆ ಬೆಟ್ಟ ಬೆಟ್ಟವಾಯಿತು. ನನ್ನದು ಚಿಕ್ಕ ಸೆನ್ಸರಿನ, ಅಂದರೆ ಕ್ರಾಪ್ ಸೆನ್ಸರ್ ಕ್ಯಾಮೆರಾ. ಲೆನ್ಸಿನ ಕಿಂಡಿ (ಅಪರ್ಚರ್) ಎಫ್/11 ಇಟ್ಟು ಸುಮಾರು 5.5 ಮೀಟರ್ ದೂರದ ಪೈರಿಗೆ ಫೋಕಸ್ ಮಾಡಿದರೆ 3 ಮೀಟರಿನಿಂದ ಬೆಟ್ಟದ ತುದಿಯವರೆಗೆ ಚೊಕ್ಕ ಬರುತ್ತದೆ. ಮೊದಲೆಲ್ಲ ಎಫ್/22 ಇಡುತ್ತಿದ್ದೆ. ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಬಾಗಿ ಹರಡಿ, ಚಿತ್ರವೇ ಮೆತ್ತಗಾಗುತ್ತದೆ. ಐಎಸ್ಒ 100, ಟ್ರೈಪಾಡ್, 2 ಸೆಕೆಂಡ್ ಟೈಮರ್, ಇವು ಎಲ್ಲರಿಗೂ ಗೊತ್ತಿರುವವೇ. ಬದುವಿನ ಮೆತ್ತನೆ ಮಣ್ಣಿನಲ್ಲಿ ಟ್ರೈಪಾಡಿನ ಕಾಲು ನಿಧಾನಕ್ಕೆ ಇಳಿಯುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಈಗ ಒತ್ತಿ ಕೂರಿಸಿ, ಐದು ನಿಮಿಷ ಸುಮ್ಮನಿರುತ್ತೇನೆ.

ನೀರಿನಲ್ಲಿ ಕಾಣುವ ಆಕಾಶ ಮೇಲಿನ ಆಕಾಶಕ್ಕಿಂತ ಮಬ್ಬು. ಎರಡಕ್ಕೂ ಒಂದೊಂದು ಎಕ್ಸ್‌ಪೋಶರ್ ತೆಗೆದು ಮನೆಯಲ್ಲಿ ಸೇರಿಸುತ್ತೇನೆ. ಸೇರಿಸುವಾಗ ಕೈ ಹಿಡಿತದಲ್ಲಿರಬೇಕು. ಪ್ರತಿಬಿಂಬ ಆಕಾಶಕ್ಕಿಂತ ಬೆಳ್ಳಗಾದರೆ ನೋಡಿದವರಿಗೆ ಏನೋ ಸುಳ್ಳು ಅನ್ನಿಸುತ್ತದೆ, ಯಾಕೆಂದು ಹೇಳಲು ಬರದಿದ್ದರೂ.

ಬಿಸಿಲು ಬೆನ್ನಿಗಿದ್ದಾಗ ಬಂಡೆಗಳು ಚಪ್ಪಟೆ. ಬಲಗಡೆಯಿಂದ ಬೀಳುವ ಜಾಗ ಹುಡುಕಿ ನಿಂತೆ. ಒಂದೊಂದು ಬಂಡೆಗೂ ಅದರದೇ ನೆರಳು ಬಂತು. ಸೂರ್ಯ ಮೂಡಿದ ಮೇಲೆ ಅರ್ಧ ಗಂಟೆ ಗಾಳಿ ಏಳದಿದ್ದರೆ ಪುಣ್ಯ. ಎದ್ದರೆ ಪೈರು ಅಲ್ಲಾಡುತ್ತದೆ, ಬೆಟ್ಟ ಚೂರುಚೂರು. ಆರು ಬೆಳಿಗ್ಗೆ ಹೋಗಿ ಎರಡೇ ಚಿತ್ರ ಉಳಿಸಿಕೊಂಡೆ.

ಅದರಲ್ಲೊಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಯಜಮಾನರಿಗೆ ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಬೆಟ್ಟದ ಬಗ್ಗೆ ಏನಾದರೂ ಹೇಳುತ್ತಾರೆಂದು ಕಾಯುತ್ತಿದ್ದೆ.

"ಇಲ್ನೋಡಿ ಸಾ," ಅಂತ ಮೂಲೆಗೆ ಬೆರಳಿಟ್ಟರು, "ಬದೂನಲ್ಲಿ ಏಡಿ ತೂತು ಮಾಡ್ಬುಟ್ಟದೆ. ನೀರೆಲ್ಲ ಇಲ್ಲೇ ಓಯ್ತಿತ್ತು ಕಣ್ರೀ!"