ಮೂರು ಹಾವು, ಮೂರು ಪೆಟ್ಟಿಗೆ: ನನ್ನ ಅನುಭವ

ನನ್ನ ಹತ್ತಿರ ಮೂರು ಹಾವುಗಳಿವೆ. ಒಂದು ಬಾಲ್ ಪೈಥಾನ್, ಒಂದು ಕಾರ್ನ್ ಸ್ನೇಕ್, ಒಂದು ಕೆನ್ಯನ್ ಸ್ಯಾಂಡ್ ಬೋವಾ. ಶುರುವಿನಲ್ಲಿ ಮೂರಕ್ಕೂ ಒಂದೇ ಥರದ ಪೆಟ್ಟಿಗೆ ತಂದೆ. 3 ಅಡಿ ಉದ್ದದ ಗಾಜಿನ ಪೆಟ್ಟಿಗೆ, ಮುಂದೆ ಸರಿಯುವ ಗಾಜಿನ ಬಾಗಿಲು, ಮೇಲೆ ಜಾಲರಿ. ಕಬ್ಬಿಣದ ರ್‍ಯಾಕ್‌ನಲ್ಲಿ ಒಂದರ ಮೇಲೊಂದು ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಎಷ್ಟು ಚೆಂದ ಕಾಣುತ್ತಿತ್ತು! ಕಣ್ಣಿಗೆ ಚೆಂದ ಅಂತ ತಂದದ್ದೇ ತಪ್ಪು ಅಂತ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಒಂದೇ ಪೆಟ್ಟಿಗೆ ಮೂರು ಹಾವಿಗೆ ಮೂರು ಥರ ಕೈಕೊಟ್ಟಿತು.

ಮೊದಲು ಕಾರ್ನ್ ಸ್ನೇಕ್ ಕಥೆ. ಆಗ ಅದು ಮರಿ, ಪೆನ್ಸಿಲ್‌ನಷ್ಟು ದಪ್ಪ. ಸರಿಯುವ ಬಾಗಿಲಿನಲ್ಲಿ ಎರಡು ಗಾಜು ಒಂದರ ಹಿಂದೆ ಒಂದು ಇರುತ್ತವಲ್ಲ, ಅವುಗಳ ನಡುವೆ ಅರ್ಧ ಸೆಂಟಿಮೀಟರಿನಷ್ಟು ಸಂದು ಇರುತ್ತದೆ. ಬೀಗ ಹಾಕಿದ್ದೆ. ಬೀಗ ಬಾಗಿಲನ್ನು ಹಿಡಿಯುತ್ತದೆಯೇ ಹೊರತು ಸಂದನ್ನಲ್ಲ. ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಖಾಲಿ. ಹಾವಿನ ತಲೆ ಎಲ್ಲಿ ನುಗ್ಗುತ್ತದೋ ಮೈಯೂ ಅಲ್ಲಿ ನುಗ್ಗುತ್ತದೆ ಅನ್ನೋದನ್ನು ಓದಿದ್ದೆ, ನಂಬಿರಲಿಲ್ಲ.

ಎರಡು ದಿನ ಮನೆಯೆಲ್ಲ ತಡಕಾಡಿದೆ. ಮೂರನೇ ರಾತ್ರಿ ಗೋಡೆಯಂಚಿಗೆ ತೆಳ್ಳಗೆ ಹಿಟ್ಟು ಉದುರಿಸಿ ಮಲಗಿದೆ. ಹಾವಿನ ಹೆಜ್ಜೆ ಹಾವೇ ಬಲ್ಲದು ಅಂತಾರೆ. ಹಿಟ್ಟು ಇದ್ದರೆ ನಮಗೂ ಸ್ವಲ್ಪ ಗೊತ್ತಾಗುತ್ತದೆ. ಬೆಳಗಿನ ಜಾವ ನೋಡಿದರೆ ಹಿಟ್ಟಿನ ಮೇಲೆ ತೆಳುವಾದ ಅಂಕುಡೊಂಕು ಗೆರೆ, ನೇರವಾಗಿ ರ್‍ಯಾಕ್ ಕಡೆಗೇ ಹೋಗಿತ್ತು. ಟಾರ್ಚ್ ಬಿಟ್ಟೆ. ಪೈಥಾನ್ ಪೆಟ್ಟಿಗೆಯ ಅಡಿಯಲ್ಲಿ, ಅಡಿಯಿಂದ ಬಿಸಿ ಕೊಡುವ ಹೀಟ್ ಮ್ಯಾಟ್‌ನ ವೈರಿನ ಪಕ್ಕ, ಸುರುಳಿ ಸುತ್ತಿಕೊಂಡು ಬೆಚ್ಚಗೆ ಮಲಗಿತ್ತು. ಮನೆಯೆಲ್ಲ ಹುಡುಕಿದ ನನಗೆ ಒಂದು ಗೇಣು ಆಚೆ ನೋಡಬೇಕು ಅಂತ ಹೊಳೆದಿರಲಿಲ್ಲ.

ಈಗ ಆ ಗಾಜುಗಳ ನಡುವೆ ರಬ್ಬರ್ ಪಟ್ಟಿ ಕೂರಿಸಿದ್ದೇನೆ. ಆದರೂ ನನ್ನ ಮಾತು ಕೇಳುವುದಾದರೆ, ಮರಿ ಇರುವಷ್ಟು ದಿನ ಗಟ್ಟಿ ಕ್ಲಿಪ್ ಇರುವ ಪ್ಲಾಸ್ಟಿಕ್ ಟಬ್ಬೇ ವಾಸಿ. ಗಾಳಿಗೆ ಬದಿಯಲ್ಲಿ ಸಣ್ಣ ತೂತು ಕೊರೆದರೆ ಸಾಕು. ನೋಡಲು ಏನೂ ಚೆಂದವಿಲ್ಲ. ಹಾವು ಮಾತ್ರ ಒಳಗೇ ಇರುತ್ತದೆ.

ಬಾಲ್ ಪೈಥಾನ್‌ಗೆ ಬಂದ ತೊಂದರೆ ಜಾಲರಿಯಿಂದ. ಈ ಹಾವು ಆಫ್ರಿಕಾದ್ದು. ಹಗಲು ಹೊತ್ತು ಇಲಿ ಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಸೇರಿಕೊಂಡಿರುತ್ತದೆ. ಹುತ್ತದೊಳಗೆ ಗಾಳಿ ಆಡುವುದು ಕಡಿಮೆ, ತೇವ ಜಾಸ್ತಿ. ಅಂಥದ್ದನ್ನು ತಂದು ಮೇಲ್ಭಾಗ ಪೂರ್ತಿ ತೆರೆದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಅದಕ್ಕೆ 60 ಶೇಕಡಾ ಆಸುಪಾಸು ತೇವಾಂಶ ಬೇಕು, ನನ್ನ ಮೀಟರ್ 35 ದಾಟುತ್ತಿರಲಿಲ್ಲ. ದಿನಕ್ಕೆ ಎರಡು ಸಲ ನೀರು ಚಿಮುಕಿಸುತ್ತಿದ್ದೆ. ಒಂದು ಗಂಟೆಗೆ ಎಲ್ಲ ಆವಿಯಾಗಿ ಜಾಲರಿಯಿಂದ ಹೊರಗೆ.

ಪೊರೆ ಬಿಟ್ಟಾಗ ಬಣ್ಣ ಬಯಲಾಯಿತು. ಸರಿಯಾಗಿ ಬಿಟ್ಟ ಪೊರೆ ಮೂತಿಯಿಂದ ಬಾಲದ ತನಕ ಇಡಿಯಾಗಿ, ಕಾಲುಚೀಲ ತಿರುವಿ ತೆಗೆದ ಹಾಗೆ ಬರುತ್ತದೆ. ನನ್ನದು ಈರುಳ್ಳಿ ಸಿಪ್ಪೆಯ ಹಾಗೆ ಚೂರು ಚೂರಾಗಿ ಉದುರಿತ್ತು. ಎಡಗಣ್ಣು ಮಾತ್ರ ಮಂಕಾಗಿಯೇ ಇತ್ತು. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೊಂದು ಪಾರದರ್ಶಕ ಹುರುಪೆ ಇರುತ್ತದೆ. ಅದು ಪೊರೆಯ ಜೊತೆ ಬರಬೇಕಿತ್ತು, ಬಂದಿರಲಿಲ್ಲ. ಚಿಮಟದಲ್ಲಿ ಕೀಳೋಣ ಅಂತ ಕೈ ಚಾಚಿ, ಸದ್ಯ, ಸುಮ್ನಾದೆ. ಕಣ್ಣಿಗೇ ಗಾಯವಾಗುತ್ತಿತ್ತು. ಒದ್ದೆ ಪಾಚಿ ತುಂಬಿದ ಒಂದು ಡಬ್ಬಿಗೆ ತೂತು ಮಾಡಿ ಒಳಗಿಟ್ಟೆ. ಮುಂದಿನ ಪೊರೆಯ ಜೊತೆ ಉಳಿದಿದ್ದ ಹಳೇ ಹುರುಪೆ, ಹೊಸದು ಎರಡೂ ಬಂದವು.

ಜಾಲರಿಯ ಮುಕ್ಕಾಲು ಭಾಗವನ್ನು ಅಲ್ಯೂಮಿನಿಯಂ ಫಾಯಿಲ್‌ನಿಂದ ಮುಚ್ಚಿ ಕೆಲವು ತಿಂಗಳು ತಳ್ಳಿದೆ. ಕೊನೆಗೆ ಪಿವಿಸಿ ಹಾಳೆಯ ಪೆಟ್ಟಿಗೆಗೆ ಬದಲಾಯಿಸಿದೆ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಪಿವಿಸಿ ನೀರಿಗೆ ಉಬ್ಬುವುದಿಲ್ಲ, ಬಿಸಿಯನ್ನೂ ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಈಗ ವಾರಕ್ಕೊಮ್ಮೆ ತಳಕ್ಕೆ ಹಾಸಿದ ಕೋಕೋಪೀಟ್‌ನ (ತೆಂಗಿನ ನಾರಿನ ಪುಡಿ) ಮೂಲೆಗೆ ಒಂದು ಲೋಟ ನೀರು ಸುರಿದರೆ ಆಯಿತು. ಮೇಲೆಲ್ಲ ಚಿಮುಕಿಸಿ ಸದಾ ಒದ್ದೆ ಇಟ್ಟರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ತೇವ ಬೇಕು, ಕೆಸರು ಬೇಡ.

ಸ್ಯಾಂಡ್ ಬೋವಾಗೆ ಬೇಕಿದ್ದದ್ದು ಎತ್ತರವಲ್ಲ, ಆಳ. ಅದು ದಿನವಿಡೀ ಮಣ್ಣಿನೊಳಗೇ ಇರುತ್ತದೆ. ಸಂಜೆ ಎರಡು ಕಣ್ಣು, ಒಂದು ಮೂತಿ ಮಾತ್ರ ಮೇಲೆ ಕಾಣುತ್ತದೆ, ಅಷ್ಟೇ ದರ್ಶನ. ಆದರೆ ನನ್ನ ಗಾಜಿನ ಪೆಟ್ಟಿಗೆಯಲ್ಲಿ ಬಾಗಿಲಿನ ಕೆಳಗಿನ ಪಟ್ಟಿ ಎರಡೇ ಇಂಚು. ಅದಕ್ಕಿಂತ ಜಾಸ್ತಿ ತುಂಬಿದರೆ ಬಾಗಿಲ ಹಳಿಗೆ ಪುಡಿ ಸಿಕ್ಕಿ ಕರಕರ ಅನ್ನುತ್ತಿತ್ತು. ಅದನ್ನು ಬಿಟ್ಟು, ಮೇಲಿನಿಂದ ತೆರೆಯುವ, ಗಿಡ್ಡ, ಅಗಲವಾದ ಪೆಟ್ಟಿಗೆ ತಂದೆ. ಜಾಲರಿ ಮುಚ್ಚಳ ಇದಕ್ಕೆ ಒಗ್ಗುತ್ತದೆ, ಒಣ ಜಾಗದ ಹಾವು ನೋಡಿ. ಒಳಗೆ ನಾಲ್ಕು ಇಂಚು ಮರದ ಸಿಪ್ಪೆ. ದೇವದಾರಿನ ಸಿಪ್ಪೆ ಮಾತ್ರ ಯಾವ ಹಾವಿಗೂ ಬೇಡ, ಅದರ ಎಣ್ಣೆ ಹಾವಿಗೆ ವಿಷ.

ಇಲ್ಲಿ ಎರಡು ಎಚ್ಚರಿಕೆ. ಕಲ್ಲು, ಭಾರದ ಗೂಡು ಏನೇ ಇಟ್ಟರೂ ಮೊದಲು ತಳಕ್ಕೆ ಊರಿ, ಆಮೇಲೆ ಸಿಪ್ಪೆ ಸುರಿಯಿರಿ. ಮೇಲೆ ಇಟ್ಟರೆ ಹಾವು ಅದರ ಅಡಿ ತೋಡುತ್ತದೆ, ಕಲ್ಲು ಅದರ ಮೇಲೇ ಕೂರುತ್ತದೆ. ಇನ್ನೊಂದು, ಅಡಿಯಿಂದ ಹೀಟ್ ಮ್ಯಾಟ್ ಹಾಕಿದ್ದರೆ ಹಾವು ತೋಡಿಕೊಂಡು ಅದರ ತನಕ ಹೋಗುತ್ತದೆ. ಮೇಲ್ಗಡೆಯ ಬಿಸಿ ನೋಡಿ ಸಮಾಧಾನ ಪಟ್ಟುಕೊಂಡರೆ ಆಗಲ್ಲ. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್‌ನ ಪ್ರೋಬ್, ಅಂದರೆ ಬಿಸಿ ಅಳೆಯುವ ತುದಿ, ತಳದಲ್ಲಿ, ಮ್ಯಾಟ್‌ನ ನೇರಕ್ಕೆ ಇರಬೇಕು.

ಥರ್ಮೋಸ್ಟಾಟ್ ಅಂದಾಗ ನೆನಪಾಯಿತು. ಮೊದಲು ಮೂರು ಮ್ಯಾಟ್‌ಗೂ ಒಂದೇ ಥರ್ಮೋಸ್ಟಾಟ್ ಹಾಕಿ ಜಾಣ ಅಂದುಕೊಂಡಿದ್ದೆ. ಪ್ರೋಬ್ ಇದ್ದದ್ದು ಪೈಥಾನ್ ಪೆಟ್ಟಿಗೆಯಲ್ಲಿ. ಅಂದರೆ ಉಳಿದೆರಡರಲ್ಲಿ ಬಿಸಿ ಎಷ್ಟಿದೆ ಅಂತ ಅದಕ್ಕೆ ಗೊತ್ತೇ ಇಲ್ಲ. ಪೈಥಾನ್‌ಗೆ ಬಿಸಿ ಬದಿ 31–32 ಡಿಗ್ರಿ, ತಂಪು ಬದಿ 26. ಕಾರ್ನ್‌ಗೆ 29 ಮತ್ತು 23 ಸಾಕು. ಬೋವಾ 33ರ ತನಕ ಇಷ್ಟಪಡುತ್ತದೆ. ಈಗ ಮೂರಕ್ಕೂ ಬೇರೆ ಬೇರೆ.

ಅದಾದ ಮೇಲೂ ಕಾರ್ನ್‌ನ ತಂಪು ಬದಿ 28ರಿಂದ ಇಳಿಯುತ್ತಲೇ ಇರಲಿಲ್ಲ. ಮ್ಯಾಟ್ ತೆಗೆದು ನೋಡಿದೆ, ಆಗಲೂ 27. ಕಾರಣ ಸಿಕ್ಕಿದ್ದು ತಡವಾಗಿ. ಅದು ರ್‍ಯಾಕ್‌ನ ಮೇಲಿನ ತಟ್ಟೆಯಲ್ಲಿತ್ತು. ಕೆಳಗಿನ ಎರಡು ಪೆಟ್ಟಿಗೆಯ ಬಿಸಿಯೆಲ್ಲ ಮೇಲೇರಿ ಅದಕ್ಕೆ ಬಡಿಯುತ್ತಿತ್ತು. ತಂಪು ಬೇಕಾದ ಹಾವನ್ನು ಕೆಳಗೆ ಇಳಿಸಿ, ಪೈಥಾನ್ ಅನ್ನು ಮೇಲಕ್ಕೆ ಹತ್ತಿಸಿದೆ. ಒಂದು ಪೈಸೆ ಖರ್ಚಿಲ್ಲದೆ ಸರಿಹೋಯಿತು. ಇದೆಲ್ಲ ಒಂದೇ ಹಾವು ಇದ್ದಾಗ ತಲೆಗೇ ಬರದ ಲೆಕ್ಕ.

"ಅಣ್ಣಾ, ಇಷ್ಟೆಲ್ಲ ಯಾಕೆ? ಒಂದು ದೊಡ್ಡ ಪೆಟ್ಟಿಗೆ ಮಾಡಿಸಿ ಮೂರನ್ನೂ ಬಿಟ್ಟುಬಿಡು" ಅಂತ ನನ್ನ ತಮ್ಮ ಕೇಳಿದ್ದ. ಬಹಳ ಜನ ಕೇಳುತ್ತಾರೆ. ಬೇರೆ ಜಾತಿಯವನ್ನಂತೂ ಬಿಡಿ, ಒಂದೇ ಜಾತಿಯವನ್ನೂ ನಾನು ಒಟ್ಟಿಗೆ ಇಡುವುದಿಲ್ಲ. ಎರಡು ಹಾವು ಒಂದೇ ಗೂಡಿನಲ್ಲಿ ಸುತ್ತಿಕೊಂಡು ಮಲಗಿದ್ದರೆ ನಮಗೆ ಪ್ರೀತಿ ಅನ್ನಿಸುತ್ತದೆ. ಎಷ್ಟೋ ಸಲ ಅದು ಬೆಚ್ಚಗಿನ ಜಾಗಕ್ಕೆ ಪೈಪೋಟಿ. ಕಿಂಗ್ ಸ್ನೇಕ್ ಆದರೆ ಪಕ್ಕದ ಹಾವನ್ನೇ ನುಂಗುತ್ತದೆ. ಎಲ್ಲಕ್ಕಿಂತ ನನಗೆ ಕಷ್ಟ ಕಾಣುವುದು ಬೇರೆಯೇ. ಒಂದು ದಿನ ಪೆಟ್ಟಿಗೆಯಲ್ಲಿ ಕಕ್ಕಿದ ಇಲಿ ಬಿದ್ದಿದೆ ಅಂತ ಇಟ್ಟುಕೊಳ್ಳಿ. ಕಕ್ಕಿದ್ದು ಯಾವುದು? ಹೇಗೆ ಹೇಳೋದು?

ಅಳತೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾವು ಮೈ ಪೂರ್ತಿ ಚಾಚಲು ಆಗಬೇಕು ಅನ್ನೋದು ನನ್ನ ಲೆಕ್ಕ. ಬೆಳೆದ ಕಾರ್ನ್ 4–5 ಅಡಿ ಮುಟ್ಟುತ್ತದೆ, ಕೊಂಬೆ ಕೊಟ್ಟರೆ ಹತ್ತುತ್ತದೆ, ಅದಕ್ಕೆ ಎತ್ತರವೂ ಬೇಕು. ನನ್ನದು ಈಗ ಮೂರಡಿ ದಾಟಿದೆ. ಆ ಹಳೇ ಗಾಜಿನ ಪೆಟ್ಟಿಗೆ ಇನ್ನು ಹೆಚ್ಚು ದಿನ ಬಾರದು. ಪೈಥಾನ್ ಮರಿಗೆ ದೊಡ್ಡ ಪೆಟ್ಟಿಗೆ ಕೊಟ್ಟರೆ ಹೆದರಿ ಊಟ ಬಿಡುತ್ತದೆ ಅಂತಾರೆ. ನಾನು ಕಂಡ ಹಾಗೆ ಹೆದರಿಸೋದು ಬಯಲು. ಎರಡೂ ಬದಿಯಲ್ಲಿ ಮೈಗೆ ಒತ್ತುವಷ್ಟು ಇಕ್ಕಟ್ಟಾದ ಗೂಡು ಇಟ್ಟು, ನಡುವೆ ಎಲೆ, ತೊಗಟೆ ತುಂಬಿದ ಮೇಲೆ ನನ್ನದು ಊಟ ಬಿಟ್ಟಿಲ್ಲ.

ಇನ್ನೊಂದು ಪೆಟ್ಟಿಗೆ ಇದೆ, ಅದನ್ನು ನಾನು ಎಲ್ಲಕ್ಕಿಂತ ಮೊದಲು ತರಬೇಕಿತ್ತು. ಹೊಸ ಹಾವು ಬಂದರೆ ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿ ಇಡಲು ಒಂದು ಟಬ್. ಒಳಗೆ ಬರೀ ಬಿಳಿ ಪೇಪರ್ ಟವೆಲ್, ನೀರಿನ ಬಟ್ಟಲು, ಒಂದು ಗೂಡು. ಸ್ಯಾಂಡ್ ಬೋವಾ ಬಂದ ವಾರ ಅದರ ನೀರಿನಲ್ಲಿ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ತೇಲುತ್ತಿದ್ದವು. ಕೊಳೆ ಅಂದುಕೊಂಡೆ. ಅವು ಉಣ್ಣೆ ಜಾತಿಯ ಹುಳ, ಮೈಟ್. ಅಷ್ಟರಲ್ಲಿ ಪಕ್ಕದ ಎರಡು ಪೆಟ್ಟಿಗೆಗೂ ಹಬ್ಬಿಯಾಗಿತ್ತು. ಮೂರನ್ನೂ ಖಾಲಿ ಮಾಡಿ, ಸಿಪ್ಪೆಯೆಲ್ಲ ಎಸೆದು, ವೈದ್ಯರು ಹೇಳಿದ ಔಷಧ ಹಾಕಿ ತಿಕ್ಕುವುದರಲ್ಲಿ ಒಂದೂವರೆ ತಿಂಗಳು ಹೋಯಿತು.

ಆ ಟಬ್ ಈಗ ಒಳಕೋಣೆಯಲ್ಲಿ ಪೇಪರ್ ಹಾಸಿಕೊಂಡು ಖಾಲಿ ಕೂತಿದೆ. "ನಾಲ್ಕನೇದು ಯಾವಾಗ ಬರುತ್ತೆ?" ಅಂತ ತಮ್ಮ ದಿನಾ ಕೇಳುತ್ತಾನೆ. ನಾನು ಇನ್ನೂ ಬಾಯಿ ಬಿಟ್ಟಿಲ್ಲ.