ರೆಪ್ಪೆಗೂದಲಿಗೆ ನಿಮ್ಮದೇ ಬ್ರಷ್: ಪೊರಕೆ ಕಟ್ಟಬೇಡಿ, ನಾಟಿ ಮಾಡಿ

ಗುಬ್ಬಿ ಕಡೆಯ ಮದುವೆ ಅದು. ಆಲ್ಬಮ್ ಕೊಡಲು ನಾನೇ ಹೋಗಿದ್ದೆ. ಹುಡುಗಿಯ ಅಜ್ಜಿ ಮೊದಲ ಹಾಳೆ ನೋಡಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು, ಮತ್ತೆ ನೋಡಿದರು. "ಇದ್ಯಾಕಪ್ಪ, ನಮ್ ಹುಡ್ಗಿ ಕಣ್ಣಿಗೆ ಪೊರ್ಕೆ ಕಟ್ಟಿದ್ದೀಯ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಲ್ಬಮ್ ಎರಡನೇ ಸಲ ಮಾಡಿಸಿದ್ದು ಮಾತ್ರ ನನ್ನ ಜೇಬಿನಿಂದ.

ಆಗಿದ್ದಿಷ್ಟೇ. ಎಲ್ಲಿಂದಲೋ ಇಳಿಸಿಕೊಂಡಿದ್ದ ಫೋಟೋಶಾಪ್ ರೆಡಿಮೇಡ್ ಬ್ರಷ್, ಅಂದರೆ ಕ್ಲಿಕ್ ಮಾಡಿದಲ್ಲಿ ಫೋಟೋ ಮೇಲೆ ಅಚ್ಚು ಬೀಳುವ ಆಕಾರ, ಬಳಸಿದ್ದೆ. ಒಂದು ಕ್ಲಿಕ್ಕಿಗೆ ಇಡೀ ಕಣ್ಣಿನ ಕೂದಲು ಬೀಸಣಿಗೆ ಥರ ಬಿಚ್ಚಿಕೊಳ್ಳುತ್ತದೆ. ಎಡಗಣ್ಣಿಗೆ ಅದೇ, ಬಲಗಣ್ಣಿಗೆ ಅದನ್ನೇ ತಿರುಗಿಸಿ ಇನ್ನೊಂದು ಕ್ಲಿಕ್. ಧಾರೆಯ ಫೋಟೋದಲ್ಲಿ ಹುಡುಗಿ ತಲೆ ತಗ್ಗಿಸಿ ಕೆಳಗೆ ನೋಡುತ್ತಿದ್ದಾಳೆ, ನಾನು ಹಾಕಿದ ಕೂದಲು ಮಾತ್ರ ಹುಬ್ಬಿನ ಕಡೆಗೆ ನೆಟ್ಟಗೆ ನಿಂತಿದೆ! ಆಮೇಲೆ ತುಮಕೂರಿನ ನಮ್ಮ ಸ್ಟುಡಿಯೋಗೆ ಕೆಲಸ ಕಲಿಯಲು ಬಂದ ಹುಡುಗರೆಲ್ಲ ಇದೇ ತಪ್ಪು ಮಾಡಿದ್ದನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಸ್ಟುಡಿಯೋದಲ್ಲಿ ನೊಣ ಹೊಡೆಯುತ್ತಾ ಕೂತಿರುತ್ತೇವೆ. ಬ್ರಷ್ ಮಾಡಿಟ್ಟುಕೊಳ್ಳಲು ಅದೇ ಸರಿಯಾದ ಸಮಯ.

ಸಾಮಾನು ಜಾಸ್ತಿ ಏನೂ ಬೇಡ. ಫೋಟೋಶಾಪ್ ಯಾವ ವರ್ಷನ್ ಆದರೂ ಆಗುತ್ತದೆ. 2002ರಲ್ಲಿ ಬಂದ ಫೋಟೋಶಾಪ್ 7ರಲ್ಲೇ ಇದಕ್ಕೆ ಬೇಕಾದ ಮುಖ್ಯ ಬ್ರಷ್ ಸೆಟ್ಟಿಂಗ್‌ಗಳು ಬಂದಿದ್ದವು. ದುಡ್ಡು ಕೊಡಲಾಗದಿದ್ದರೆ ಬ್ರೌಸರ್‌ನಲ್ಲೇ ತೆರೆಯುವ ಫೋಟೋಪೀ ಇದೆ, ಮೆನುಗಳು ಹೆಚ್ಚು ಕಡಿಮೆ ಇದೇ ಥರ ಇರುತ್ತವೆ. ಪೆನ್ ಟ್ಯಾಬ್ಲೆಟ್ ತಗೊಳ್ಳಿ ಅಂತ ಯಾರಾದರೂ ಹೇಳಿದರೆ ತಲೆ ಅಲ್ಲಾಡಿಸಿ ಸುಮ್ಮನಾಗಿ. ನಾವು ಇಲ್ಲಿ ಗೆರೆ ಎಳೆಯುವುದಿಲ್ಲ, ಕ್ಲಿಕ್ ಮಾಡುತ್ತೇವೆ. ಮೌಸ್ ಸಾಕು.

ಮೊದಲು ಕನ್ನಡಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಕನ್ನಡಿ ಮುಂದೆ ನಿಂತು ನಿಮ್ಮ ಕಣ್ಣನ್ನೇ ಎರಡು ನಿಮಿಷ ನೋಡಿ. ಮೇಲಿನ ರೆಪ್ಪೆಯಲ್ಲಿ ಸುಮಾರು 90ರಿಂದ 150 ಕೂದಲು ಇರುತ್ತವೆ, ಕೆಳಗಿನದರಲ್ಲಿ ಅದಕ್ಕಿಂತ ಕಡಿಮೆ. ಮೇಲಿನವು 8ರಿಂದ 12 ಮಿಲಿಮೀಟರ್ ಉದ್ದ, ಕೆಳಗಿನವು ಗಿಡ್ಡ. ತೆಂಗಿನ ಪೊರಕೆಯ ಒಂದು ಕಡ್ಡಿ ಕೈಯಲ್ಲಿ ಹಿಡಿದು ನೋಡಿ. ಬುಡ ದಪ್ಪ, ಹೋಗ್ತಾ ಹೋಗ್ತಾ ಸಣ್ಣ, ತುದಿ ಸೂಜಿ. ಕೂದಲೂ ಹಾಗೇ. ಆದರೆ ಅದು ಬಿಲ್ಲಿನಂತೆ ಒಂದೇ ಸಮ ಬಾಗಿರುವುದಿಲ್ಲ. ಬುಡದಿಂದ ಸ್ವಲ್ಪ ದೂರ ನೆಟ್ಟಗೆ ಮುಂದಕ್ಕೆ ಬಂದು, ಆಮೇಲೆ ಮೇಲಕ್ಕೆ ಏಳುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಗಮನಿಸುವುದಿಲ್ಲ. ಎದುರಿನಿಂದ ತೆಗೆದ ಫೋಟೋದಲ್ಲಿ ರೆಪ್ಪೆಯ ನಡುವಿನ ಕೂದಲು ಕ್ಯಾಮೆರಾ ಕಡೆಗೇ ಚಾಚಿಕೊಂಡಿರುತ್ತದೆ, ಆದ್ದರಿಂದ ಗಿಡ್ಡವಾಗಿ, ಹೆಚ್ಚು ಕಡಿಮೆ ನೆಟ್ಟಗೆ ಕಾಣುತ್ತದೆ. ಪೂರ್ತಿ ಉದ್ದ, ಪೂರ್ತಿ ಬಾಗು ಕಾಣುವುದು ಕಿವಿಯ ಕಡೆಯ ತುದಿಯಲ್ಲಿ ಮಾತ್ರ. ಹಾಗಾಗಿ ಒಂದೇ ಬ್ರಷ್‌ನಲ್ಲಿ ಕೆಲಸ ಮುಗಿಯುವುದಿಲ್ಲ. ನಾನು ನಾಲ್ಕು ಇಟ್ಟುಕೊಂಡಿದ್ದೇನೆ: ಉದ್ದ ಬಾಗಿದ್ದು, ಗಿಡ್ಡ ನೆಟ್ಟನೆಯದು, ಎರಡು ಕೂದಲ ತುದಿ ಕೂಡಿಕೊಂಡಿರುವುದು, ಕೆಳರೆಪ್ಪೆಗೆ ಒಂದು ತೆಳು ಕೂದಲು. ಮೂರನೆಯದನ್ನು ಬಿಡಬೇಡಿ. ಮಸ್ಕಾರ ಹಚ್ಚಿದ ಕಣ್ಣಲ್ಲಿ ಕೂದಲುಗಳು ಜೋಡಿ ಜೋಡಿಯಾಗಿ ಅಂಟಿಕೊಂಡಿರುತ್ತವೆ. ಎಲ್ಲವೂ ಬಿಡಿಬಿಡಿಯಾಗಿ ನಿಂತರೆ ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ.

ಒಂದು ಕೂದಲು ಬರೆಯುವುದು

2000 ಪಿಕ್ಸೆಲ್ ಅಗಲ, 2000 ಪಿಕ್ಸೆಲ್ ಎತ್ತರದ ಹೊಸ ಫೈಲ್ ತೆಗೆಯಿರಿ, ಹಿನ್ನೆಲೆ ಬಿಳಿ. ಅಷ್ಟು ದೊಡ್ಡದು ಯಾಕೆ ಅಂದರೆ, ಬ್ರಷ್ ಅನ್ನು ಚಿಕ್ಕದು ಮಾಡಿದರೆ ಏನೂ ಕೆಡುವುದಿಲ್ಲ, ಚಿಕ್ಕದನ್ನು ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಸ್ಟುಡಿಯೋದಿಂದ ಸ್ಟುಡಿಯೋಗೆ ಪೆನ್‌ಡ್ರೈವ್‌ನಲ್ಲಿ ಓಡಾಡುವ "500 ಬ್ರಷ್ ಪ್ಯಾಕ್" ಇದೆಯಲ್ಲ, ಅದರಲ್ಲಿರುವ ಎಷ್ಟೋ ಬ್ರಷ್‌ಗಳು ಪುಟ್ಟ ಸೈಜಿನವು. ಮೊಬೈಲ್‌ನಲ್ಲಿ ಚೆನ್ನಾಗಿ ಕಾಣುತ್ತವೆ, 12×36 ಇಂಚಿನ ಆಲ್ಬಮ್ ಹಾಳೆಯಲ್ಲಿ ಹೊಗೆಯಂತೆ ಕಾಣುತ್ತವೆ. ಡಿಲೀಟ್ ಮಾಡಿ, ಜಾಗವಾದರೂ ಉಳಿಯುತ್ತದೆ.

ವ್ಯೂ ಮೆನುವಿನ ನ್ಯೂ ಗೈಡ್‌ನಿಂದ 1000 ಪಿಕ್ಸೆಲ್‌ಗೆ ಅಡ್ಡ ಒಂದು, ಉದ್ದ ಒಂದು ಗೆರೆ ಹಾಕಿ. ಎರಡೂ ಕೂಡುವ ಜಾಗ ಫೈಲಿನ ನಟ್ಟ ನಡು. ಕೂದಲಿನ ಬುಡ ಅಲ್ಲೇ ಬರಬೇಕು, ಕೂದಲು ಅಲ್ಲಿಂದ ಮೇಲಕ್ಕೆ ಹೋಗಬೇಕು.

ಈಗ ಪೆನ್ ಟೂಲ್. ಬುಡದ ಎಡಕ್ಕೆ ಒಂದು ಪಾಯಿಂಟ್, ಸುಮಾರು 800 ಪಿಕ್ಸೆಲ್ ಮೇಲೆ ತುದಿಗೆ ಒಂದು, ಮತ್ತೆ ಬುಡದ ಬಲಕ್ಕೆ ಒಂದು. ಬುಡದ ಎರಡು ಪಾಯಿಂಟ್ ನಡುವೆ 20 ಪಿಕ್ಸೆಲ್ ಇದ್ದರೆ ಸಾಕು. ಎಲ್ಲರೂ ಎಡವುವುದು ಇಲ್ಲೇ. ಎರಡೂ ಅಂಚು ಒಂದೇ ಕಡೆಗೆ ಬಾಗಬೇಕು, ಕುಡುಗೋಲಿನಂತೆ. ಒಂದು ಆ ಕಡೆ, ಇನ್ನೊಂದು ಈ ಕಡೆ ಬಾಗಿತೋ, ಹೊಟ್ಟೆ ಉಬ್ಬಿ ಮಾವಿನೆಲೆ ಆಗುತ್ತದೆ. ಆಕಾರ ಸರಿಯಾದ ಮೇಲೆ ಫಿಲ್ ಪಾತ್ ಕೊಟ್ಟು ಕಡು ಕಪ್ಪು ತುಂಬಿ. ಇಲ್ಲಿ ಕಪ್ಪು ಅಂದರೆ ಬಣ್ಣವಲ್ಲ, ಬ್ರಷ್ ಎಲ್ಲಿ ಪೂರ್ತಿ ಬೀಳಬೇಕು ಅನ್ನುವ ಗುರುತು ಅಷ್ಟೇ. ಬಿಳಿ ಇದ್ದಲ್ಲಿ ಏನೂ ಬೀಳುವುದಿಲ್ಲ, ಬೂದು ಇದ್ದಲ್ಲಿ ಅರೆಬರೆ.

ಆ ಅರೆಬರೆಯನ್ನೇ ಬುಡಕ್ಕೆ ಬಳಸಿಕೊಳ್ಳಿ. ಮೆತ್ತನೆ ಅಂಚಿನ ಬಿಳಿ ಬ್ರಷ್ ತಗೊಂಡು, ಬುಡದ ಕೊನೆಯ 40 ಪಿಕ್ಸೆಲ್ ಮಾತ್ರ ಹಗುರವಾಗಿ ಸವರಿ. ಹೀಗೆ ಮಾಡಿದರೆ ಕೂದಲು ಚರ್ಮದೊಳಗಿಂದ ಬಂದಂತೆ ಇರುತ್ತದೆ. ಮಾಡದಿದ್ದರೆ ಮೇಲೆ ಅಂಟಿಸಿದಂತೆ ಇರುತ್ತದೆ.

ಪೆನ್ ಟೂಲ್ ಕಷ್ಟ ಅನ್ನುವವರಿಗೆ ಒಂದು ಅಡ್ಡದಾರಿ: ಬಾಗಿದ ಒಂದೇ ಗೆರೆಯ ಪಾತ್ ಎಳೆದು, ಸ್ಟ್ರೋಕ್ ಪಾತ್‌ನಲ್ಲಿ ಸಿಮ್ಯುಲೇಟ್ ಪ್ರೆಷರ್ ಟಿಕ್ ಮಾಡುವುದು. ಬ್ರಷ್‌ನ ಸೈಜ್ ಕಂಟ್ರೋಲ್ ಪೆನ್ ಪ್ರೆಷರ್‌ನಲ್ಲಿ ಇರಬೇಕು. ಆದರೆ ಅದು ಎರಡೂ ತುದಿ ಸಣ್ಣ, ನಡು ದಪ್ಪ ಮಾಡುತ್ತದೆ. ಆದ್ದರಿಂದ ಬೇಕಾದ ಉದ್ದದ ಎರಡರಷ್ಟು ಎಳೆದು ಅರ್ಧ ಅಳಿಸಿಬಿಡಿ. ನನಗೇನೋ ಈ ದಾರಿ ಇಷ್ಟವಿಲ್ಲ, ಬಾಗು ಹಿಡಿತಕ್ಕೆ ಸಿಗುವುದಿಲ್ಲ.

ಎರಡು ಚುಕ್ಕೆಯ ಉಪಾಯ

ಸಾಮಾನ್ಯವಾಗಿ ಇಷ್ಟಾದ ಮೇಲೆ ಬ್ರಷ್ ಸೇವ್ ಮಾಡಿಬಿಡುತ್ತಾರೆ. ಆಮೇಲೆ ಗೋಳು. ಫೋಟೋಶಾಪ್ ಸುತ್ತಲಿನ ಬಿಳಿಯನ್ನು ಕತ್ತರಿಸಿ ಹಾಕಿ, ಕೂದಲನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಆಗ ಕ್ಲಿಕ್ ಮಾಡಿದ ಜಾಗಕ್ಕೆ ಬರುವುದು ಕೂದಲಿನ ನಡುಭಾಗ, ಬುಡವಲ್ಲ. ರೆಪ್ಪೆಯ ಅಂಚಿಗೆ ಕ್ಲಿಕ್ ಮಾಡಿದರೆ ಅರ್ಧ ಕೂದಲು ಕಣ್ಣುಗುಡ್ಡೆ ಮೇಲೆ ಬೀಳುತ್ತದೆ. ಬ್ರಷ್ ಓರೆ ಮಾಡಿದರೆ ಬುಡ ಇನ್ನೆಲ್ಲೋ ಹೋಗಿ ಕೂರುತ್ತದೆ. ಅಂದಾಜಿನ ಮೇಲೆ ಇಟ್ಟು, ಅಳಿಸಿ, ಮತ್ತೆ ಇಟ್ಟು, ಒಂದು ಕಣ್ಣಿಗೆ ಒಂದು ಗಂಟೆ.

ಉಪಾಯ ಇದು. ಕಲರ್ ಪಿಕರ್‌ನಲ್ಲಿ ಬಿಳಿಗಿಂತ ಒಂದೇ ಒಂದು ಕೂದಲೆಳೆಯಷ್ಟು ಕಪ್ಪಾದ ಬೂದು ಆರಿಸಿ. ಅಂದರೆ ಬ್ರೈಟ್‌ನೆಸ್ 100ರ ಬದಲು 99. ಆ ಬಣ್ಣದಲ್ಲಿ ಫೈಲಿನ ಎಡ ಮೇಲಿನ ಮೂಲೆಗೆ ಒಂದು ಪುಟ್ಟ ಚುಕ್ಕೆ, ಬಲ ಕೆಳಗಿನ ಮೂಲೆಗೆ ಒಂದು. ನಮ್ಮ ಕಣ್ಣಿಗೆ ಅವು ಕಾಣಿಸುವುದಿಲ್ಲ, ಫೋಟೋಶಾಪ್‌ಗೆ ಕಾಣಿಸುತ್ತವೆ. ಹಾಗಾಗಿ ಅದು ಏನನ್ನೂ ಕತ್ತರಿಸುವುದಿಲ್ಲ. ಇಡೀ 2000 ಪಿಕ್ಸೆಲ್ ಚೌಕವೇ ಬ್ರಷ್ ಆಗುತ್ತದೆ, ಅದರ ನಟ್ಟ ನಡುವೆ ನಮ್ಮ ಕೂದಲಿನ ಬುಡ. ಈಗ ಕ್ಲಿಕ್ ಮಾಡಿದಲ್ಲೇ ಬುಡ ನಿಲ್ಲುತ್ತದೆ, ಬ್ರಷ್ ತಿರುಗಿಸಿದರೆ ಬುಡ ಕದಲದೆ ತುದಿ ಮಾತ್ರ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಪ್ರಿಫರೆನ್ಸಸ್‌ನ ಕರ್ಸರ್ಸ್ ಪುಟದಲ್ಲಿ ಕ್ರಾಸ್‌ಹೇರ್ ತೋರಿಸುವ ಟಿಕ್ ಒಂದಿದೆ, ಅದನ್ನೂ ಹಾಕಿಕೊಳ್ಳಿ. ಬುಡ ಎಲ್ಲಿದೆ ಅಂತ ಒಂದು ಪ್ಲಸ್ ಗುರುತು ಕಾಣುತ್ತಿರುತ್ತದೆ.

ಒಂದು ಲೆಕ್ಕ ನೆನಪಿರಲಿ. ಬ್ರಷ್ ಸೈಜ್ 300 ಅಂದರೆ ಚೌಕ 300, ಕೂದಲು 120 ಮಾತ್ರ.

ಆಮೇಲೆ ಸೆಲೆಕ್ಟ್ ಆಲ್, ಎಡಿಟ್ ಮೆನು, ಡಿಫೈನ್ ಬ್ರಷ್ ಪ್ರೀಸೆಟ್, ಹೆಸರು, ಓಕೆ. ಉಳಿದ ಮೂರಕ್ಕೂ ಇದೇ.

ಸೆಟ್ಟಿಂಗ್

ಎಫ್5 ಒತ್ತಿ, ಬ್ರಷ್ ಪ್ಯಾನೆಲ್ ತೆರೆಯುತ್ತದೆ. ಸ್ಪೇಸಿಂಗ್ ಅನ್ನು ಕೊನೆಯವರೆಗೆ ಎಳೆದು 1000% ಮಾಡಿ, ಕ್ಲಿಕ್ ಮಾಡುವಾಗ ಕೈ ಜಾರಿದರೂ ಎರಡನೇ ಕೂದಲು ಬೀಳುವುದಿಲ್ಲ. ಶೇಪ್ ಡೈನಾಮಿಕ್ಸ್‌ನಲ್ಲಿ ಸೈಜ್ ಜಿಟರ್ 15%, ಆಂಗಲ್ ಜಿಟರ್ 2%. ಜಿಟರ್ ಅಂದರೆ ಕ್ಲಿಕ್ಕಿನಿಂದ ಕ್ಲಿಕ್ಕಿಗೆ ತಾನಾಗಿ ಆಗುವ ಏರುಪೇರು. ಆಂಗಲ್‌ನ 100% ಅಂದರೆ ಪೂರ್ತಿ ಸುತ್ತು, 360 ಡಿಗ್ರಿ. 2% ಅಂದರೆ ಏಳು ಡಿಗ್ರಿ, ಜಾಸ್ತಿ ಬೇಡ. ಅಲ್ಲೇ ಇರುವ ಫ್ಲಿಪ್ ಎಕ್ಸ್ ಜಿಟರ್ ಮುಟ್ಟಲೇಬೇಡಿ. ಮುಟ್ಟಿದರೆ ಅರ್ಧ ಕೂದಲು ಮೂಗಿನ ಕಡೆ, ಅರ್ಧ ಕಿವಿ ಕಡೆ ಬಾಗುತ್ತವೆ, ಗಾಳಿಗೆ ಬಿದ್ದ ರಾಗಿ ಹೊಲ ಆಗುತ್ತದೆ. ಇನ್ನೊಂದು ಕಣ್ಣಿಗೆ ಬ್ರಷ್ ಟಿಪ್ ಶೇಪ್ ಪುಟದ ಫ್ಲಿಪ್ ಎಕ್ಸ್ ಹಾಕಿ ಬೇರೆ ಬ್ರಷ್ ಮಾಡಿಕೊಳ್ಳಿ. ಇಷ್ಟೆಲ್ಲ ಬದಲಾಯಿಸಿದ ಮೇಲೆ ಹೊಸ ಪ್ರೀಸೆಟ್ ಆಗಿ ಮತ್ತೆ ಸೇವ್ ಮಾಡಬೇಕು. ಇಲ್ಲದಿದ್ದರೆ ಬೇರೆ ಬ್ರಷ್ ಮುಟ್ಟಿದ ಕೂಡಲೇ ಸೆಟ್ಟಿಂಗ್ ಎಲ್ಲ ಹೋಯ್ತು.

ನಾಟಿ

ಫೋಟೋ ತೆಗೆದು 200% ಝೂಮ್ ಮಾಡಿ, ಒಂದೊಂದು ಕಣ್ಣಿಗೆ ಒಂದೊಂದು ಹೊಸ ಲೇಯರ್ ಹಾಕಿ. ಆಲ್ಬಮ್ ಹಾಳೆಯಲ್ಲಿ ಕಣ್ಣು ಹುಣಸೆ ಬೀಜಕ್ಕಿಂತ ಚಿಕ್ಕದಾಗಿ ಬರುವಂತಿದ್ದರೆ ಈ ಕೆಲಸವೇ ಬೇಡ, ಮುಂದಿನ ಫೋಟೋಗೆ ಹೋಗಿ.

ಬಣ್ಣವನ್ನು ಐಡ್ರಾಪರ್‌ನಿಂದ ಅದೇ ಕಣ್ಣಿನ ಇದ್ದ ಕೂದಲಿನಿಂದ ಎತ್ತಿ. ಅದು ಅಚ್ಚ ಕಪ್ಪಾಗಿರುವುದಿಲ್ಲ, ಕಡು ಕಂದಾಗಿರುತ್ತದೆ. ಛತ್ರದ ವಿಡಿಯೋ ಲೈಟ್ ಬಿದ್ದಿದ್ದರೆ ಇನ್ನೂ ಕೆಂಪಗಿರುತ್ತದೆ.

ಕಿವಿ ಕಡೆಯ ತುದಿಯಿಂದ ಶುರು ಮಾಡಿ. ಫೋಟೋದಲ್ಲಿ ನಮ್ಮ ಬಲಕ್ಕೆ ಕಾಣುವ ಕಣ್ಣಾದರೆ ಹೊರತುದಿಯ ಕೂದಲು ಗಡಿಯಾರದ 2 ಗಂಟೆ ಕಡೆ, ನಡುವಿನದು 12, ಮೂಗಿನ ಕಡೆಯದು 11. ಹೊಸ ವರ್ಷನ್‌ಗಳಲ್ಲಿ ಎಡ ಬಲ ಬಾಣದ ಕೀ ಒತ್ತಿದರೆ ಬ್ರಷ್ ಒಂದೊಂದೇ ಡಿಗ್ರಿ ತಿರುಗುತ್ತದೆ. ಹಳೆಯದರಲ್ಲಿ ಬ್ರಷ್ ಪ್ಯಾನೆಲ್‌ನ ಚಕ್ರ ತಿರುಗಿಸಬೇಕು. ಬುಡಗಳನ್ನು ದಾರ ಹಿಡಿದಂತೆ ಒಂದೇ ಸಾಲಿನಲ್ಲಿ ಇಡಬೇಡಿ, ನಿಜವಾದ ಕೂದಲು ಸಾಲು ಬಿಟ್ಟು ಹಿಂದೆ ಮುಂದೆ ಹುಟ್ಟಿರುತ್ತದೆ. ಕಾಡಿಗೆ ಗೆರೆಯ ಮೇಲಂಚಿನಿಂದ ಕೂದಲು ಹೊರಡಿಸುವುದು ಇನ್ನೊಂದು ಮಾಮೂಲಿ ತಪ್ಪು. ಅದು ಹೊರಡಬೇಕಾದ್ದು ರೆಪ್ಪೆಯ ಕೆಳಂಚಿನಿಂದ. ಇದ್ದ ಕೂದಲ ನಡುವೆ ತೆರಪಿದ್ದಲ್ಲಿ ಮಾತ್ರ ನಾಟಿ. ಒಂದು ಕಣ್ಣಿಗೆ ಹತ್ತು ಹದಿನೈದು ಹಾಕಿದರೆ ನನಗಂತೂ ಸಾಕು.

ಕೆಳರೆಪ್ಪೆಯಲ್ಲಿ ಕಣ್ಣಿನ ಬಿಳಿ ಮುಗಿದ ಮೇಲೆ ಒದ್ದೆಯಾಗಿ ಹೊಳೆಯುವ ಒಂದು ಸಣ್ಣ ಅಂಚು ಕಾಣುತ್ತದಲ್ವಾ, ಅದನ್ನು ಬಿಟ್ಟು ಆಚೆ ಬುಡ ಇಡಿ. ಒಪಾಸಿಟಿ 50%, ಎರಡು ಮೂರು ಕೂದಲು, ಸ್ವಲ್ಪ ಜಾಗ, ಮತ್ತೆ ಎರಡು.

ಇನ್ನು ತಗ್ಗಿದ ಕಣ್ಣು. ನಮ್ಮ ಮದುವೆ ಫೋಟೋಗಳಲ್ಲಿ ಅರ್ಧಕ್ಕರ್ಧ ಇವೇ: ಧಾರೆ, ತಾಳಿ, ಕಾಲುಂಗುರ. ಇಲ್ಲಿ ಮೇಲಿನ ಕೂದಲು ಕೆನ್ನೆಯ ಕಡೆಗೆ ಇಳಿದು ತುದಿಯಲ್ಲಿ ಮಾತ್ರ ಸ್ವಲ್ಪ ಮೇಲೇಳುತ್ತದೆ. ಉದ್ದ ಬಾಗಿದ ಬ್ರಷ್ ಅನ್ನು ಪೂರ್ತಿ ಕೆಳಕ್ಕೆ ತಿರುಗಿಸಿ, ಬಾಗು ಹೊರಗಡೆ ಇರುವಂತೆ ನೋಡಿಕೊಳ್ಳಿ. ಮಂಟಪದ ಸೆಕೆಗೆ ಅಂಟಿಸಿದ ಕೃತಕ ರೆಪ್ಪೆಯ ಮೂಲೆ ಬಿಟ್ಟುಕೊಂಡಿದ್ದರೆ, ಮೊದಲು ಆ ಎದ್ದ ಪಟ್ಟಿಯನ್ನು ಕ್ಲೋನ್ ಟೂಲ್‌ನಿಂದ ಅಳಿಸಿ ಆಮೇಲೆ ನಾಟಿ ಮಾಡಿ. ಅದರ ಮೇಲೇ ಕೂದಲು ಹಾಕಿ ಮುಚ್ಚಲು ಹೋದರೆ ಇನ್ನೂ ಎದ್ದು ಕಾಣುತ್ತದೆ.

ಕೊನೆಗೆ ಆ ಲೇಯರ್‌ಗೆ ಗಾಸಿಯನ್ ಬ್ಲರ್, 0.3ರಿಂದ 0.8 ಪಿಕ್ಸೆಲ್ ಒಳಗೆ. ಎಷ್ಟು ಅಂತ ಪಕ್ಕದ ನಿಜವಾದ ಕೂದಲು ನೋಡಿ ನಿರ್ಧರಿಸಿ. 85 ಎಂಎಂ ಲೆನ್ಸ್‌ನಲ್ಲಿ ಅಪರ್ಚರ್ 1.8ಕ್ಕೆ ಇಟ್ಟು ಓರೆ ಮುಖ ತೆಗೆದಿದ್ದರೆ ದೂರದ ಕಣ್ಣು ಮಸುಕಾಗಿರುತ್ತದೆ, ಅಲ್ಲಿಗೆ ಬ್ಲರ್ ಇನ್ನೂ ಜಾಸ್ತಿ ಬೇಕು. ಎರಡು ಕಣ್ಣಿಗೂ ಬೇರೆ ಬೇರೆ ಲೇಯರ್ ಇಟ್ಟುಕೊಳ್ಳಿ ಅಂತ ನಾನು ಬಾಯಿ ಬಡಿದುಕೊಳ್ಳುವುದು ಇದಕ್ಕೇ.

ಬ್ರಷ್‌ಗಳನ್ನು ಎಬಿಆರ್ ಫೈಲ್ (ಫೋಟೋಶಾಪ್ ಬ್ರಷ್ ಇಡುವ ಫೈಲ್) ಆಗಿ ಎಕ್ಸ್‌ಪೋರ್ಟ್ ಮಾಡಿ ನಿಮಗೇ ಒಂದು ಮೇಲ್ ಹಾಕಿಕೊಳ್ಳಿ. ನನ್ನ ಮೊದಲ ಸೆಟ್ ಸಿಸ್ಟಮ್ ಫಾರ್ಮ್ಯಾಟ್ ಮಾಡಿಸಿದ ದಿನ ಹೋಯಿತು. ಮಾರನೇ ದಿನ ಬೆಳಿಗ್ಗೆ ಶಿರಾ ರಸ್ತೆಯ ಪಾರ್ಟಿಗೆ ಆಲ್ಬಮ್ ಕೊಡಬೇಕಿತ್ತು. ರಾತ್ರಿ ಹನ್ನೊಂದಕ್ಕೆ ಕೂತು ಮತ್ತೆ 2000 ಪಿಕ್ಸೆಲ್ ಫೈಲ್ ತೆಗೆದೆ, ಮತ್ತೆ ಆ ಎರಡು ಚುಕ್ಕೆ ಇಟ್ಟೆ.